ಥರ್ಟಿ–ಫಾರ್ಟಿ ಮನೆಯ ಸೆಕೆ

ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೆ ಹೊಸ ತಿಪ್ಪಸಂದ್ರದ ಯಾವುದಾದರೂ ಮನೆಯ ಮೇಲಿನ ಮಹಡಿಗೆ ಹೋಗಿ, ಸ್ಟೂಲ್ ಮೇಲೆ ನಿಂತು ಸೂರಿಗೆ ಅಂಗೈ ಇಟ್ಟು ನೋಡಿ. ಹೊರಗೆ ಗಾಳಿ ಆಗಲೇ ತಂಪಾಗಿರುತ್ತದೆ, ಮಾರ್ಕೆಟ್ ರೋಡಿನ ತರಕಾರಿ ಗಾಡಿಗಳ ಮೇಲೆ ಟಾರ್ಪಾಲು ಬಿದ್ದಿರುತ್ತದೆ. ಸೂರು ಮಾತ್ರ ಈಗಷ್ಟೇ ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆಯ ಹಾಗೆ ಬೆಚ್ಚಗಿರುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿ ಮೋಲ್ಡು ಮಧ್ಯಾಹ್ನವೆಲ್ಲ ಬಿಸಿಲು ಕುಡಿದು, ಸಂಜೆಯ ಮೇಲೆ ಅದನ್ನು ನಿಧಾನವಾಗಿ ಕೆಳಗಿನ ಕೋಣೆಗೆ ಬಿಡುತ್ತದೆ. ಅದರ ಕೆಳಗೆ ಫ್ಯಾನ್ ತಿರುಗಿದಷ್ಟೂ ಬಿಸಿಗಾಳಿಯೇ ಇಳಿಯುತ್ತದೆ. ಮಕ್ಕಳು ಹಾಸಿಗೆ ಎಳೆದುಕೊಂಡು ಹಾಲಿಗೆ ಬರುತ್ತಾರೆ. ಮುಂದಿನ ವಾರ ಎಸಿ ಬರುತ್ತದೆ.

ಎಸಿ ಬೇಡದ ಊರು ಎಂಬ ಹೆಸರು ಬೆಂಗಳೂರಿಗಿತ್ತು. ಕಟ್ಟಡಗಳ ಲೆಕ್ಕಕ್ಕೆ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸಿದಾಗ ಸಮಶೀತೋಷ್ಣ ವಲಯಕ್ಕೆ ಉದಾಹರಣೆಯಾಗಿ ಹೇಳುವುದು ಇಂದಿಗೂ ನಮ್ಮೂರನ್ನೇ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ನನಗೆ ಆ ಅಂಕಿಗಳಿಗಿಂತ ಮುಖ್ಯವಾಗಿ ಕಾಣುವುದು ರಾತ್ರಿಯ ಹವೆ. ಬೇಸಿಗೆಯಲ್ಲೂ ಬೆಂಗಳೂರಿನ ರಾತ್ರಿ ತಣಿಯುತ್ತದೆ. ಹೊರಗೆ ತಂಪಿದ್ದೂ ಒಳಗೆ ಬೇಯುತ್ತಿದ್ದೇವೆ ಎಂದರೆ ಅದು ನಾವು ಕಟ್ಟಿದ ಮನೆಯ ಸಮಸ್ಯೆ. ಮನೆ ಕಟ್ಟಿ ಆಗಿದೆ, ಅದನ್ನು ಕೆಡವಲಾಗದು. ಇರುವ ಮನೆಯನ್ನೇ ಕಡಿಮೆ ಕರೆಂಟಿನಲ್ಲಿ, ಕಡಿಮೆ ಸೆಕೆಯಲ್ಲಿ ಬಾಳುವ ಹಾಗೆ ರಿಪೇರಿ ಮಾಡುವುದು ಸಾಮಾನ್ಯ ಮನೆಯೊಡೆಯನಿಗೆ ಎಷ್ಟು ಸುಲಭ ಎಂಬುದೇ ಈಗ ಕೇಳಬೇಕಾದ ಪ್ರಶ್ನೆ.

ಹೊಸ ತಿಪ್ಪಸಂದ್ರ, ಜೀವನ್ ಬಿಮಾ ನಗರ, ಮಲ್ಲೇಶಪಾಳ್ಯ, ಕಗ್ಗದಾಸಪುರದ ಈ ಸಾಲಿನಲ್ಲಿ ಎಚ್‌ಎಎಲ್, ಇಸ್ರೋ, ಡಿಆರ್‌ಡಿಒ ನೌಕರರು ಸಂಬಳದಲ್ಲಿ ಉಳಿಸಿ ಸೈಟು ಕೊಂಡು ಕಟ್ಟಿದ ಮನೆಗಳು ತುಂಬಾ ಇವೆ. ಸೈಟು ಥರ್ಟಿ–ಫಾರ್ಟಿ, ಇಲ್ಲವೇ ಟ್ವೆಂಟಿ–ಥರ್ಟಿ. ಮೊದಲು ನೆಲಮಹಡಿ, ಮಗಳ ಮದುವೆ ಆದಮೇಲೆ ಮೇಲೊಂದು, ನಿವೃತ್ತಿಯ ದುಡ್ಡು ಬಂದಾಗ ಬಾಡಿಗೆಗೆಂದು ಇನ್ನೆರಡು ಪೋರ್ಷನ್ನು. ಮೆಟ್ಟಿಲ ಕೆಳಗೆ ಸಾಲಾಗಿ ನಾಲ್ಕು ಮೀಟರು. ಈ ಮನೆಗಳಿಗೆ ಈಗ ಮೂವತ್ತು ನಲವತ್ತು ವರ್ಷ ವಯಸ್ಸು. ತಾರಸಿ ಸೋರುತ್ತದೆ, ವೈರಿಂಗ್ ಹಳೆಯದಾಗಿದೆ, ಪೈಪಿನಲ್ಲಿ ತುಕ್ಕು. ಯಾವ ಕ್ರಾಸಿಗೆ ಹೋದರೂ ಎರಡು ಮೂರು ಮನೆಗಳ ಮುಂದೆ ಮರಳು, ಟೈಲ್ಸ್ ಬಾಕ್ಸು ಬಿದ್ದಿರುತ್ತವೆ.

ಈ ರಿಪೇರಿಗಳಲ್ಲಿ ಮನೆ ಸಾಮಾನ್ಯವಾಗಿ ಇನ್ನಷ್ಟು ಬಿಸಿಯಾಗುತ್ತದೆ. ಎಂಬತ್ತರ ದಶಕದ ಮನೆಯಲ್ಲಿ ಕಿಟಕಿಯ ಮೇಲೊಂದು ವೆಂಟಿಲೇಟರ್ ಇರುತ್ತಿತ್ತು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಕಿಟಕಿಗೆ ಎರಡೂ ಬಾಗಿಲು ಪೂರ್ತಿ ತೆರೆಯುತ್ತಿದ್ದವು. ಸಜ್ಜ ಎರಡಡಿ ಮುಂದೆ ಬರುತ್ತಿತ್ತು. ಈಗ ಇಂಟೀರಿಯರ್‌ನವರು ಬಂದು ಫಾಲ್ಸ್ ಸೀಲಿಂಗ್ ಹಾಕುವಾಗ ವೆಂಟಿಲೇಟರ್ ಮುಚ್ಚಿಹೋಗುತ್ತದೆ. ಮರದ ಕಿಟಕಿ ತೆಗೆದು ಸ್ಲೈಡಿಂಗ್ ಹಾಕಿದರೆ ಗಾಳಿ ಬರುವ ಜಾಗ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಒಂದು ಗಾಜು ಯಾವಾಗಲೂ ಇನ್ನೊಂದರ ಹಿಂದೆಯೇ ನಿಂತಿರುತ್ತದೆ. ಸಂಜೆ ಆರಕ್ಕೆ ಸೊಳ್ಳೆಗೆ ಹೆದರಿ ಅದನ್ನೂ ಮುಚ್ಚುತ್ತೇವೆ. ತಂಪುಗಾಳಿ ಬೀಸಲು ಶುರುವಾಗುವ ಹೊತ್ತು ಅದೇ. ಬೆಂಗಳೂರಿನ ಮನೆಗೆ ಅತಿ ಅಗ್ಗದ, ಅತಿ ಉಪಯುಕ್ತ ವಿದ್ಯುತ್ ಉಳಿತಾಯದ ಸಾಧನ ಯಾವುದು ಎಂದು ನನ್ನನ್ನು ಕೇಳಿದರೆ, ಪೂರ್ತಿ ತೆರೆಯುವ ಕಿಟಕಿಗೆ ಗಟ್ಟಿಯಾದ ಸೊಳ್ಳೆ ಮೆಶ್ ಎಂದು ಹೇಳುತ್ತೇನೆ.

ಮಾಡಬೇಕಾದ ಕೆಲಸ ಏನೂ ದೊಡ್ಡದಲ್ಲ. ಲೆಕ್ಕ ಹಾಕೋಣ. ಒಂದು ಬಕೆಟ್, ಅಂದರೆ ಸುಮಾರು 18 ಲೀಟರ್ ನೀರನ್ನು ಸ್ನಾನದ ಬಿಸಿಗೆ ತರಲು ಗೀಸರ್‌ಗೆ ಅರ್ಧ ಯೂನಿಟ್‌ನಷ್ಟು ಕರೆಂಟು ಬೇಕು. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೇ ಬಕೆಟ್ ಎಂದರೂ ತಿಂಗಳಿಗೆ 60 ಯೂನಿಟ್ ಬಚ್ಚಲಿಗೇ ಹೋಯಿತು. 75 ವಾಟ್‌ನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಅದರ ಬದಲು 30 ವಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 11. ನಾಲ್ಕು ಫ್ಯಾನಿಗೆ ಹೆಚ್ಚುಕಡಿಮೆ 65 ಯೂನಿಟ್ ಉಳಿತಾಯ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಒಂದು ಎಚ್‌ಪಿ ಮೋಟಾರು ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ 22. ಒಂದೂವರೆ ಟನ್ ಎಸಿ ರಾತ್ರಿ ಆರು ಗಂಟೆ ಸತತವಾಗಿ ಓಡಿದರೆ ಅದೊಂದೇ ತಿಂಗಳಿಗೆ 200 ದಾಟಬಲ್ಲದು. ಆದ್ದರಿಂದ ಸೂರು ಬಿಸಿಯಾಗದಂತೆ ನೋಡಿಕೊಂಡು ಎಸಿ ಕೊಳ್ಳುವ ಪ್ರಸಂಗವನ್ನೇ ತಪ್ಪಿಸಿದರೆ ಉಳಿದೆಲ್ಲ ಉಳಿತಾಯಕ್ಕಿಂತ ಅದೇ ದೊಡ್ಡದು. ತಾರಸಿಗೆ ಬಿಳಿಯ ಲೇಪನ ಕೊಟ್ಟರೆ ಬಿಸಿಲಿನ ಬಹುಪಾಲು ವಾಪಸ್ಸು ಹೋಗುತ್ತದೆ. ಮೇಲಿನ ಮಹಡಿಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಅಜ್ಜಂದಿರು ಮದ್ರಾಸ್ ತಾರಸಿಗೆ ಗಾರೆಯನ್ನೂ ಗೋಡೆಗೆ ಸುಣ್ಣವನ್ನೂ ಬಳಿಯುತ್ತಿದ್ದುದರಲ್ಲಿ ಈ ತಿಳಿವಳಿಕೆ ಇತ್ತು.

ಇಷ್ಟು ಸರಳವಾಗಿದ್ದರೂ ಏಕೆ ಆಗುತ್ತಿಲ್ಲ? ಉತ್ತರ ನನಗೆ ಸಿಕ್ಕಿದ್ದು ನಮ್ಮ ಚಿಕ್ಕಮ್ಮನ ಮನೆಯಲ್ಲಿ.

ಚಿಕ್ಕಪ್ಪ ಕಟ್ಟಿಸಿದ ಮನೆ ಅದು. ಅವರು ತೀರಿಕೊಂಡು ಆರು ವರ್ಷವಾಯಿತು. ಕೆಳಗೆ ಚಿಕ್ಕಮ್ಮ ಒಬ್ಬರೇ, ಮೇಲೆ ಮೂರು ಬಾಡಿಗೆ ಸಂಸಾರ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಫೋನ್ ಮಾಡಿ, "ಮಳೆಗೆ ಮುಂಚೆ ತಾರಸಿ ಸೋರೋದು ನಿಲ್ಲಿಸಬೇಕು ಕಣಪ್ಪ. ಹೇಗಿದ್ರೂ ದುಡ್ಡು ಖರ್ಚು ಮಾಡ್ತೀವಲ್ಲ, ಸೆಕೆಗೂ ಕರೆಂಟಿಗೂ ಏನಾದ್ರೂ ದಾರಿ ಇದ್ರೆ ಜೊತೆಗೇ ಮಾಡಿಸಿಬಿಡು" ಎಂದರು. ಹೇಗಿದ್ದರೂ ಖರ್ಚು ಮಾಡುತ್ತಿರುವಾಗ ಜೊತೆಗೇ ಮಾಡಿಸುವುದು: ಇದಕ್ಕಿಂತ ಸರಿಯಾದ ಯೋಚನೆ ಇಲ್ಲ. ಆದರೆ ಆ 'ಜೊತೆಗೇ' ಎಂಬುದನ್ನು ಮಾಡಿಕೊಡುವವರು ಯಾರೂ ಸಿಗಲಿಲ್ಲ.

ವಾಟರ್‌ಪ್ರೂಫಿಂಗ್‌ನವರು ಬಂದು ಬಿರುಕು ನೋಡಿಹೋದರು. ಸೋಲಾರ್ ಮಾರುವ ಹುಡುಗ ಬಂದು ಅದೇ ಬಿರುಕಿನ ಮೇಲೆ ಪ್ಯಾನೆಲ್ ಸ್ಟ್ಯಾಂಡಿಗೆ ಗುರುತು ಹಾಕಿದ. ಮೊದಲು ಸೋರುವುದನ್ನು ಸರಿಮಾಡದೆ ಪ್ಯಾನೆಲ್ ಕೂರಿಸಿದರೆ ನಾಲ್ಕು ವರ್ಷದ ಮೇಲೆ ಎಲ್ಲ ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ ಎಂದು ಇಬ್ಬರೂ ಹೇಳಲಿಲ್ಲ, ಏಕೆಂದರೆ ಇನ್ನೊಬ್ಬರ ಕೆಲಸ ಅವರ ಕೆಲಸವಲ್ಲ. ಎಲೆಕ್ಟ್ರಿಷಿಯನ್ ಫ್ಯಾನ್ ತರಲು ರೆಡಿ ಇದ್ದರು, ಆದರೆ ಅರ್ಥಿಂಗ್ ಬಗ್ಗೆ ಕೇಳಿದ್ದಕ್ಕೆ ಅದು ಬೇರೆ ಕೊಟೇಶನ್ ಎಂದರು. ಪ್ಲಂಬರ್ ಹಳೆಯ ಸೋಲಾರ್ ವಾಟರ್ ಹೀಟರ್ ತೆಗೆದುಹಾಕಿ ಎಂದರು. ಅದರ ಟ್ಯೂಬಿನಲ್ಲಿ ಬೋರ್‌ವೆಲ್ ನೀರಿನ ಉಪ್ಪು ಗಟ್ಟಿಯಾಗಿ ಕೂತಿತ್ತು ಅಷ್ಟೆ. ಒಬ್ಬ ಆರ್ಕಿಟೆಕ್ಟ್ ಇಷ್ಟು ಸಣ್ಣ ಕೆಲಸಕ್ಕೆ ಬರಲಾಗದು ಎಂದು ಮರ್ಯಾದೆಯಾಗಿಯೇ ಹೇಳಿದರು. ಚಿಕ್ಕಮ್ಮನ ಊಟದ ಮೇಜಿನ ಮೇಲೆ ಏಳು ಕೊಟೇಶನ್ ಸೇರಿದವು. ಅವನ್ನೆಲ್ಲ ಓದಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸಬೇಕಾದವರು ಎಪ್ಪತ್ತೆರಡು ವರ್ಷದ ಆ ಹೆಂಗಸು.

ಮನೆಯೊಡೆಯರಿಗೆ ತಿಳಿವಳಿಕೆ ಕಡಿಮೆ, ಜಾಗೃತಿ ಮೂಡಿಸಬೇಕು ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳುತ್ತೇವೆ. ನನಗೆ ಅದು ಅನ್ಯಾಯದ ಮಾತು ಎನಿಸುತ್ತದೆ. ಮನೆಯನ್ನು ಇಡಿಯಾಗಿ ನೋಡುವ ಒಬ್ಬ ಮನುಷ್ಯನನ್ನು ನಾವು ಅವರಿಗೆ ಕೊಟ್ಟಿಲ್ಲ.

ಸರ್ಕಾರದ ಯೋಜನೆಗಳೂ ಹೀಗೆ ತುಂಡು ತುಂಡಾಗಿಯೇ ಬರುತ್ತವೆ. ತಾರಸಿಯ ಸೋಲಾರ್‌ಗೆಂದು 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಗೆ 75,021 ಕೋಟಿ ರೂಪಾಯಿ ತೆಗೆದಿಟ್ಟು ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದ್ದಾರೆ. ಒಂದು ಕಿಲೋವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕೂ ಮೇಲಿನದಕ್ಕೆ 78 ಸಾವಿರ ಸಹಾಯಧನ. ಮೂರು ಕಿಲೋವಾಟ್‌ವರೆಗೆ ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಸಾಲವೂ ಉಂಟು. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಅದಕ್ಕೆ ನೆರಳಿಲ್ಲದ ನೂರು ಚದರಡಿ ಜಾಗ ಸಾಕು. ಹತ್ತು ಕಿಲೋವಾಟ್‌ವರೆಗೆ ತಾಂತ್ರಿಕ ಪರಿಶೀಲನೆಯ ವರದಿಗಾಗಿ ಕಾಯಬೇಕಾಗಿಲ್ಲ. ಎಲ್ಲವೂ ಸರಿ. ಆದರೆ ಅರ್ಜಿ ಮೀಟರ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲಿ ಹೋಗಬೇಕು. ಚಿಕ್ಕಮ್ಮನ ಮನೆಯ ಮೀಟರ್ ಇನ್ನೂ ಚಿಕ್ಕಪ್ಪನ ಹೆಸರಿನಲ್ಲೇ ಇತ್ತು. ಹೆಸರು ಬದಲಾಯಿಸಲು ಖಾತಾ ಬೇಕು, ಖಾತಾ ಬದಲಾಗಲು ಮಕ್ಕಳೆಲ್ಲರ ಒಪ್ಪಿಗೆ ಬೇಕು, ಒಬ್ಬ ಮಗ ಡಲ್ಲಾಸ್‌ನಲ್ಲಿದ್ದಾನೆ. ಈ ಬಡಾವಣೆಯಲ್ಲಿ ಇಂಥ ಮನೆ ಇದೊಂದೇ ಅಲ್ಲ.

ಇನ್ನೊಂದು ಕಡೆ ರಾಜ್ಯ ಸರ್ಕಾರದ ಗೃಹಜ್ಯೋತಿ. 2023ರ ಆಗಸ್ಟ್‌ನ ಬಿಲ್ಲಿನಿಂದ ತಿಂಗಳಿಗೆ 200 ಯೂನಿಟ್‌ವರೆಗೆ, ಅವರವರ 2022–23ರ ಸರಾಸರಿಗೆ ಶೇ. 10 ಸೇರಿಸಿದಷ್ಟು ವಿದ್ಯುತ್ತು ಉಚಿತ. ಬಾಡಿಗೆದಾರರಿಗೂ ಉಂಟು. ಬಾಡಿಗೆ ಮನೆಯಲ್ಲಿ ತಿಂಗಳ ಕೊನೆಗೆ ಲೆಕ್ಕ ಹಾಕುವ ಹೆಂಗಸರಿಗೆ ಆ ಸೊನ್ನೆ ಬಿಲ್ಲು ಎಷ್ಟು ನೆಮ್ಮದಿ ಕೊಟ್ಟಿದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಹಗುರವಾಗಿ ಮಾತಾಡುವವರ ಜೊತೆ ನಾನಿಲ್ಲ. ಆದರೂ ಇದನ್ನು ಹೇಳಬೇಕು: ಬಿಲ್ಲು ಸೊನ್ನೆಯಾದ ಮನೆಗೆ ಫ್ಯಾನ್ ಬದಲಾಯಿಸಿದರೆ ಕೈಗೆ ಏನೂ ಉಳಿಯದು. ಮಿತಿಯ ಅಂಚಿನಲ್ಲಿರುವ ಮನೆಯ ಪಾಡು ಬೇರೆ. 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. 2025ರ ಏಪ್ರಿಲ್‌ನ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಜೊತೆಗೆ ಮಂಜೂರಾದ ಲೋಡಿಗೆ ಕಿಲೋವಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ಮೇಲೆ ತೆರಿಗೆ. ಮೂರು ಕಿಲೋವಾಟ್ ಲೋಡಿನ ಮನೆಗೆ 201ನೆಯ ಯೂನಿಟ್‌ನ ಬೆಲೆ 1,700 ರೂಪಾಯಿ ದಾಟುತ್ತದೆ. ಏಪ್ರಿಲ್‌ನ ಸೆಕೆಗೆ ಎಸಿ ಕೊಂಡ ಮನೆಗೆ ಬೀಳುವ ಪೆಟ್ಟು ಇದೇ. ಉಳಿಸಿದ ಯೂನಿಟ್‌ಗೆ ಏನಾದರೂ ಬಹುಮಾನ, ಬೇಕಾದರೆ ಫ್ಯಾನ್ ಕೊಳ್ಳಲು ಒಂದು ಕೂಪನ್ ಎಂದು ಗೃಹಜ್ಯೋತಿಯೊಳಗೇ ಸೇರಿಸಿದ್ದರೆ ಸರ್ಕಾರದ ಸಹಾಯಧನದ ಹೊರೆಯೂ ಇಳಿಯುತ್ತಿತ್ತು.

ಬಾಡಿಗೆಯ ಗಂಟು ಇದಕ್ಕಿಂತ ಬಿಗಿಯಾದದ್ದು. ತಾರಸಿಗೆ ದುಡ್ಡು ಹಾಕುವವರು ಕೆಳಗಿನ ಮಹಡಿಯ ಮಾಲೀಕರು, ಬೇಯುವವರು ಮೇಲಿನ ಬಾಡಿಗೆದಾರರು. ಫ್ಯಾನು ಮಾಲೀಕರದು, ಕರೆಂಟು ಬಾಡಿಗೆದಾರರದು. ಹನ್ನೊಂದು ತಿಂಗಳ ಕರಾರಿನಲ್ಲಿ ಬಂದವರು ಇನ್ನೊಬ್ಬರ ಮನೆಗೆ ಮೆಶ್ ಕೂಡ ಹಾಕಿಸುವುದಿಲ್ಲ. ತಿಪ್ಪಸಂದ್ರದಂಥ ಕಡೆ ಅರ್ಧಕ್ಕಿಂತ ಹೆಚ್ಚು ಮೀಟರುಗಳು ಬಾಡಿಗೆ ಪೋರ್ಷನ್ನಿನವಾಗಿರುವ ಮನೆಗಳು ಎಷ್ಟೋ ಇರುವಾಗ, ಈ ಗಂಟು ಬಿಚ್ಚದ ಯಾವ ಯೋಜನೆಯೂ ನೆಲಮಹಡಿಯ ಆಚೆಗೆ ಹತ್ತುವುದಿಲ್ಲ.

ಕಾನೂನಿನ ಕಣ್ಣಿಗೆ ಈ ಮನೆಗಳು ಬಿದ್ದೇ ಇಲ್ಲ. 2018ರ ಡಿಸೆಂಬರ್‌ನಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ವಾಸದ ಕಟ್ಟಡಗಳಿಗೆಂದು 'ಇಕೋ ನಿವಾಸ್ ಸಂಹಿತೆ' ಹೊರತಂದಿತು. ಗೋಡೆಯಿಂದ, ಸೂರಿನಿಂದ ಎಷ್ಟು ಬಿಸಿ ಒಳಬರಬಹುದು ಎಂಬುದಕ್ಕೆ ಮಿತಿ ಹಾಕಿದ ಒಳ್ಳೆಯ ಕೆಲಸ. ಆದರೆ ಅದು ಅನ್ವಯಿಸಿದ್ದು 500 ಚದರ ಮೀಟರ್ ಮತ್ತು ಮೇಲಿನ ನಿವೇಶನಕ್ಕೆ. ಥರ್ಟಿ–ಫಾರ್ಟಿ ಎಂದರೆ 111 ಚದರ ಮೀಟರ್. 2023ರಲ್ಲಿ ತೆಲಂಗಾಣ ತಂಪು ಸೂರಿನ ನೀತಿ ತಂದಾಗಲೂ ಮನೆಗಳಿಗೆ ಕಡ್ಡಾಯವಾಗಿದ್ದು 600 ಚದರ ಗಜದಿಂದ ಮೇಲೆ. ಅದೂ ಸುಮಾರು 500 ಚದರ ಮೀಟರೇ. ಇಂಧನ ಲೆಕ್ಕಪರಿಶೋಧಕರು ನಮ್ಮಲ್ಲಿ ಕೆಲಸ ಮಾಡುವುದು ಕಾರ್ಖಾನೆಗಳಿಗೆ, ದೊಡ್ಡ ಕಟ್ಟಡಗಳಿಗೆ. ಸಣ್ಣ ಮನೆಗೆ ಕಡ್ಡಾಯ ಬೇಡ ಎಂಬುದನ್ನು ಒಪ್ಪುತ್ತೇನೆ. ಸಲಹೆಯಾದರೂ ಬೇಡವೆ?

ಸಣ್ಣ ಮನೆಯವರೆಗೂ ತಲುಪಿದ ಕೆಲಸಗಳು ನಮ್ಮಲ್ಲಿ ಇಲ್ಲದಿಲ್ಲ. ಅವು ಹೇಗೆ ಗೆದ್ದವು ಎಂಬುದನ್ನು ಮರೆತಿದ್ದೇವೆ. 2004ರ ಕೊನೆಗೆ ನಮ್ಮ ವಿದ್ಯುತ್ ಕಂಪನಿ ಬೆಸ್ಕಾಂ ಒಂದು ಬೆಳಕಿನ ಯೋಜನೆ ಶುರುಮಾಡಿತು. ಆಗ ಸಿಎಫ್‌ಎಲ್ ಬಲ್ಬು ದುಬಾರಿ. ಹಳದಿ ಬಲ್ಬಿನ ಎಷ್ಟೋ ಪಟ್ಟು ಬೆಲೆ, ಬೇಗ ಹಾಳಾಗುತ್ತದೆ ಎಂಬ ಹೆದರಿಕೆ ಬೇರೆ. ಬೆಸ್ಕಾಂ ಮಾಡಿದ್ದು ಇಷ್ಟು: ಗುಣಮಟ್ಟ ನೋಡಿ ಕಂಪನಿಗಳನ್ನು ಆರಿಸಿತು, ಒಂದು ವರ್ಷದ ಗ್ಯಾರಂಟಿ ಕೊಡಿಸಿತು, ಒಂದೇ ಸಲ ದುಡ್ಡು ಕೊಡಲಾಗದವರು ಒಂಬತ್ತು ತಿಂಗಳ ಕಂತಿನಲ್ಲಿ ಕರೆಂಟ್ ಬಿಲ್ಲಿನ ಜೊತೆಗೇ ಕಟ್ಟಬಹುದು ಎಂದಿತು. ಬಲ್ಬು ಉಳಿಸಿದ ದುಡ್ಡಿನಲ್ಲೇ ಬಲ್ಬಿನ ಕಂತು ತೀರುತ್ತಿತ್ತು. ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಜಾಮೀನು ಬೇಕಿರಲಿಲ್ಲ. ಮೀಟರೇ ಜಾಮೀನು. ಜಗತ್ತು ಇಂದು ಬಿಲ್ಲಿನ ಮೇಲಿನ ಸಾಲ ಎಂದು ಚರ್ಚಿಸುತ್ತಿರುವುದನ್ನು ಈ ಊರು ಇಪ್ಪತ್ತು ವರ್ಷದ ಹಿಂದೆ ಮಾಡಿ ನೋಡಿತ್ತು. ಅದೇ ದಾರಿ ಫ್ಯಾನಿಗೆ, ತಾರಸಿಯ ಬಿಳಿ ಲೇಪನಕ್ಕೆ, ಕಿಟಕಿಯ ಮೆಶ್‌ಗೆ ಯಾಕಾಗಬಾರದು ಎಂಬ ಪ್ರಶ್ನೆಗೆ ನನಗೆ ಇದುವರೆಗೂ ಒಪ್ಪುವಂಥ ಉತ್ತರ ಸಿಕ್ಕಿಲ್ಲ.

1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೋಲಾರ್ ಕಂಪನಿ ಸೆಲ್ಕೊ ಕೂಡ ಹಳ್ಳಿಗಳಲ್ಲಿ ಗೆದ್ದದ್ದು ಪ್ಯಾನೆಲ್‌ನ ಬಲದಿಂದ ಎನ್ನುವುದಕ್ಕಿಂತ, ಸಾಲ ಕೊಡುವ ಗ್ರಾಮೀಣ ಬ್ಯಾಂಕನ್ನೂ ರಿಪೇರಿಗೆ ಬರುವ ಹುಡುಗನನ್ನೂ ಜೊತೆಗೇ ಕರೆತಂದದ್ದರಿಂದ. ಸೋಲಾರ್ ವಾಟರ್ ಹೀಟರ್ ಕತೆ ಅರ್ಧ ಗೆಲುವು. 2007ರಿಂದ ಹೊಸ ಸಂಪರ್ಕಕ್ಕೆ ಅದು ಕಡ್ಡಾಯ, ಬಳಸುವವರಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ. ನೂರು ಲೀಟರ್‌ನ ಒಂದು ಹೀಟರ್ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸಬಲ್ಲದು. ಬೆಂಗಳೂರಿನ ತಾರಸಿಗಳ ಮೇಲೆ ಅವು ಸಾಲುಸಾಲಾಗಿ ನಿಂತವು. ಆಮೇಲೆ ಮನೆಗಳು ಮೇಲೆದ್ದವು, ಪಕ್ಕದ ಮನೆಯ ನೆರಳು ಬಿತ್ತು, ಪೈಪು ಮೂರು ಮಹಡಿ ಉದ್ದವಾಗಿ ಬಿಸಿನೀರು ಬರುವ ಮುಂಚೆ ಎರಡು ಬಕೆಟ್ ತಣ್ಣೀರು ಹರಿಯತೊಡಗಿತು, ಉಪ್ಪುನೀರಿಗೆ ಟ್ಯೂಬು ಕಟ್ಟಿಕೊಂಡಿತು. ಕೂರಿಸುವುದು ಕಡ್ಡಾಯವಾಯಿತು, ನೋಡಿಕೊಳ್ಳುವುದಕ್ಕೆ ಯಾರೂ ಇರಲಿಲ್ಲ.

ಚಳಿಯ ದೇಶಗಳಲ್ಲಿ ಮನೆ ದುರಸ್ತಿ ಎಂದರೆ ಬಿಸಿಯನ್ನು ಒಳಗೆ ಹಿಡಿದಿಡುವುದು, ನಮ್ಮದು ತಿರುಗುಮುರುಗು. ಆದರೂ ಎರಡು ಪಾಠ ನಮಗೆ ಬೇಕು. ಬ್ರಿಟನ್ 2013ರಲ್ಲಿ 'ಗ್ರೀನ್ ಡೀಲ್' ಎಂದು ಬಿಲ್ಲಿನ ಮೂಲಕ ತೀರಿಸುವ ಸಾಲ ತಂದಿತು. ಬಡ್ಡಿ ಹೆಚ್ಚಿತ್ತು, ಕಾಗದಪತ್ರ ಜಾಸ್ತಿಯಿತ್ತು. ಸುಮಾರು 14 ಸಾವಿರ ಮನೆಗಳಷ್ಟೇ ಸಾಲ ಪಡೆದವು, 2015ರಲ್ಲಿ ಸರ್ಕಾರ ಅದಕ್ಕೆ ಹಣ ನಿಲ್ಲಿಸಿತು. ಜರ್ಮನಿ 2017ರಿಂದ ಪ್ರತಿ ಮನೆಗೂ ತಜ್ಞರು ಒಂದು ಹಂತಹಂತದ ನಕ್ಷೆ ಬರೆದುಕೊಡುವ ವ್ಯವಸ್ಥೆ ಮಾಡಿದೆ. ಈ ವರ್ಷ ಇದು, ಸಾಲ ತೀರಿದ ಮೇಲೆ ಅದು ಎಂದು ಮನೆಯವರ ಜೇಬು ನೋಡಿ ಬರೆಯುವ ಕಾಗದ. ಚಿಕ್ಕಮ್ಮನ ಮೇಜಿನ ಮೇಲೆ ಇರಬೇಕಾಗಿದ್ದದ್ದು ಏಳು ಕೊಟೇಶನ್ ಬದಲು ಅಂಥದೊಂದು ಕಾಗದ.

ಅದನ್ನು ಇಲ್ಲಿ ಬರೆಯುವವರು ಯಾರು? ಕ್ರೆಡಲ್ ಸಂಸ್ಥೆ ರಾಜ್ಯದಲ್ಲಿ ಇಂಧನ ಸಂರಕ್ಷಣೆಯ ಹೊಣೆ ಹೊತ್ತಿದೆ, ಬೆಸ್ಕಾಂಗೆ ಪ್ರತಿ ಬಡಾವಣೆಯ ಹತ್ತಿರ ಉಪವಿಭಾಗದ ಕಚೇರಿ ಇದೆ, ಐಟಿಐ ಮುಗಿಸಿದ ಹುಡುಗ ಹುಡುಗಿಯರು ಕೆಲಸ ಹುಡುಕುತ್ತಿದ್ದಾರೆ. ಉಪವಿಭಾಗಕ್ಕೊಬ್ಬರನ್ನು ತರಬೇತಿ ಕೊಟ್ಟು ಕೂರಿಸಿ, ಮನೆಗೆ ಬಂದು ತಾರಸಿ, ಬಚ್ಚಲು, ಮೀಟರ್ ಬೋರ್ಡ್ ಮೂರನ್ನೂ ನೋಡಿ ಒಂದು ಪುಟ ಕನ್ನಡದಲ್ಲಿ ಬರೆದುಕೊಡುವ ಹಾಗೆ ಮಾಡಬಹುದು. ಮೀಟರ್ ಹೆಸರು ಬದಲಾವಣೆಗೂ ಸೂರ್ಯಘರ್‌ಗೂ ಅದೇ ಕೌಂಟರ್ ಇರಲಿ. ಆದರೆ ನನ್ನ ನಂಬಿಕೆ ಇನ್ನೊಬ್ಬರ ಮೇಲೂ ಇದೆ: ಮೇಸ್ತ್ರಿ. ಮನೆಯೊಡೆಯರು ಯಾವ ಕಚೇರಿಗೂ ಹೋಗದಿದ್ದರೂ ಮೇಸ್ತ್ರಿಯನ್ನು ಕರೆದೇ ಕರೆಯುತ್ತಾರೆ, ಅವರು ಹೇಳಿದ್ದನ್ನೇ ಕೇಳುತ್ತಾರೆ. ಎಷ್ಟೋ ಮನೆಗಳ ಸೆಕೆ ಅವರ ಅರ್ಧ ನಿಮಿಷದ ಮಾತಿನಲ್ಲಿ ತೀರ್ಮಾನವಾಗುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಆ ಅರ್ಧ ನಿಮಿಷಕ್ಕೆ ನಾನು ಸಾಕ್ಷಿ. ಬಿರುಕು ತುಂಬಿ, ಮೂಲೆಗಳಿಗೆ ಗೋಲಾ ಕಟ್ಟಿ ಆಗಿತ್ತು. ಮೇಲಿನ ಕೋಟಿಂಗ್‌ಗೆ ಬಣ್ಣದ ಕಾರ್ಡು ಹಿಡಿದು ಮೇಸ್ತ್ರಿ, "ಅಮ್ಮಾ, ಇಟ್ಟಿಗೆ ಬಣ್ಣ ಹೊಡೆಸಿ. ಬಿಳಿ ಒಂದು ಮಳೆಗೆ ಕೊಳೆಯಾಗುತ್ತೆ" ಎಂದರು. ಅದೇ ಕಂಪನಿ, ಅದೇ ಡಬ್ಬ, ಅದೇ ಬೆಲೆ. ಬಣ್ಣವೊಂದೇ ಬೇರೆ. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಧೂಳು ಕೂತರೆ ಬಿಳಿಯ ಗುಣ ಇಳಿಯುತ್ತದೆ, ಬೇಸಿಗೆಗೆ ಮುಂಚೆ ಒಂದು ಸಲ ಉಜ್ಜಿ ತೊಳೆಯಬೇಕು. ನಾನು ಆ ಮಧ್ಯಾಹ್ನ ಒಂದು ಸಣ್ಣ ಮೂಲೆಗೆ ಬಿಳಿ, ಪಕ್ಕದಲ್ಲಿ ಇಟ್ಟಿಗೆ ಬಣ್ಣ ಹೊಡೆಸಿದೆ. ಮರುದಿನ ಎರಡು ಗಂಟೆಗೆ ಮೇಸ್ತ್ರಿ ಚಪ್ಪಲಿ ಬಿಟ್ಟು ಎರಡರ ಮೇಲೂ ನಿಂತರು. ಇಟ್ಟಿಗೆ ಬಣ್ಣದ ಮೇಲಿನಿಂದ ತಕ್ಷಣ ಕಾಲೆತ್ತಿಕೊಂಡರು. ಬಿಳಿಯ ಮೇಲೆ ನಿಂತೇ ಇದ್ದರು, ಬೀಡಿ ಹಚ್ಚಿಕೊಂಡು. ಸಂಜೆಯೊಳಗೆ ಬಿಳಿ ಡಬ್ಬಗಳು ಬಂದವು.

ಆ ಏಪ್ರಿಲ್‌ನಲ್ಲಿ ಮೇಲಿನ ಪೋರ್ಷನ್ನಿನ ಹುಡುಗಿ ಕೆಳಗೆ ಬಂದು, "ಆಂಟಿ, ಈ ಸಲ ರಾತ್ರಿ ಮಲಗೋಕ್ಕಾಗ್ತಿದೆ" ಎಂದಳಂತೆ. ಹಾಲಿಗೂ ಎರಡು ಕೋಣೆಗೂ ಬಿಎಲ್‌ಡಿಸಿ ಫ್ಯಾನು ಬಂದಿದೆ. ವಾಟರ್ ಹೀಟರ್‌ನ ಟ್ಯೂಬು ತೊಳೆಸಿ, ಪೈಪಿಗೆ ಫೋಮ್ ಸುತ್ತಿಸಿದ್ದೇವೆ. ಸೋಲಾರ್ ಪ್ಯಾನೆಲ್ ಮಾತ್ರ ಡಲ್ಲಾಸ್‌ನ ಸಹಿಗೆ ಕಾಯುತ್ತಿದೆ.

ಮೊನ್ನೆ ಮೇಸ್ತ್ರಿ ಫೋನ್ ಮಾಡಿದ್ದರು. ಹಿಂದಿನ ಕ್ರಾಸಿನಲ್ಲಿ ಮೂರು ಮಹಡಿಯ ಮನೆಯೊಂದು ಸಿಕ್ಕಿದೆಯಂತೆ. "ಅವರಿಗೂ ಬಿಳೀನೇ ಹೇಳಿದೀನಿ ಸಾರ್. ಫ್ಯಾನೂ ಜೊತೆಗೇ ಹಾಕಿಸಿ ಅಂದೆ. ಆದ್ರೆ ಯಜಮಾನ್ರಿಗೆ ಪೆನ್ಶನ್ನು ಒಂದೇ. ಕಂತಲ್ಲಿ ಕಟ್ಟೋದಕ್ಕೆ ಆಗುತ್ತಾ, ಕರೆಂಟ್ ಬಿಲ್ಲಿನ ಜೊತೆ, ಅಂತ ಕೇಳ್ತಾವ್ರೆ." ಹಿಂದೆ ಒಂದು ಕಾಲದಲ್ಲಿ ಆಗುತ್ತಿತ್ತು, ಈಗ ಇಲ್ಲ ಎಂದೆ.